ಎರಡು ಮೂತಿಯ ಚೆಂಡು

ನಾನು ಒಂದು ಚೆಂಡು. ಇಷ್ಟು ಹೇಳಿದ ಕೂಡಲೇ ನಿಮ್ಮ ಕಣ್ಣೆದುರು ದುಂಡನೆಯ ವಸ್ತುವೊಂದು ಬಂದು ನಿಂತಿರುತ್ತದೆ, ನನಗೆ ಗೊತ್ತು. ದಯವಿಟ್ಟು ಅದನ್ನು ಅಳಿಸಿಬಿಡಿ. ನಾನು ದುಂಡಗಿಲ್ಲ. ಎರಡೂ ತುದಿಯಲ್ಲಿ ಚೂಪು ಮೂತಿ, ನಡುವೆ ಹೊಟ್ಟೆ, ಹೊಟ್ಟೆಯ ಮೇಲೆ ಬಿಳಿ ದಾರದ ಎಂಟು ಹೊಲಿಗೆ. ನೆಲಕ್ಕೆ ಬಿದ್ದರೆ ಯಾವ ಕಡೆಗೆ ಜಿಗಿಯುತ್ತೇನೆಂದು ನನಗೇ ತಿಳಿದಿರುವುದಿಲ್ಲ. ದುಂಡು ಚೆಂಡುಗಳಿಗೆ ಈ ಗಮ್ಮತ್ತು ಎಲ್ಲಿಂದ ಬರಬೇಕು ಹೇಳಿ!

ನಾನು ಹುಟ್ಟಿದ್ದು ಜಲಂಧರದ ಒಂದು ಕಾರ್ಖಾನೆಯಲ್ಲಿ. ಗುರ್ಮೇಜ್ ಎಂಬ ಮುದುಕ ನಾಲ್ಕು ಚರ್ಮದ ಹೋಳುಗಳನ್ನು ಒಳಮೈ ಹೊರಗಾಗಿಸಿ ಹೊಲಿದ. ಆಮೇಲೆ ಕೋಲು ತುರುಕಿ, ಹಲ್ಲು ಕಚ್ಚಿ, ನನ್ನನ್ನು ಪೂರ್ತಿ ತಿರುವಿ ಹಾಕಿದ. ಜೀವ ಹೋದಂತಾಯಿತು. ಆದರೆ ಹೊಟ್ಟೆಗೆ ಗಾಳಿ ತುಂಬಿ, ದಾರ ಬಿಗಿದು, ಬೆನ್ನಿಗೊಂದು ಏಟು ಕೊಟ್ಟು ಕಿವಿಗೆ ಹಿಡಿದುಕೊಂಡು ನಕ್ಕನಲ್ಲ, ಆ ನಗುವಿಗೆ ನಾನು ಎಲ್ಲವನ್ನೂ ಮರೆತೆ.

ಅಲ್ಲಿಂದ ಹುಬ್ಬಳ್ಳಿಯ ಒಂದು ಆಟದ ಸಾಮಾನಿನ ಅಂಗಡಿಗೆ ಬಂದೆ. ಬಂದವಳು ಅಲ್ಲೇ ನೇತಾಡಿದೆ. ಹೌದು, ನಾನು ನನ್ನನ್ನು ಹೆಣ್ಣೆಂದೇ ತಿಳಿದಿದ್ದೇನೆ; ಮುಂದೆ ಬದುಕಿದ್ದೆಲ್ಲ ಹುಡುಗಿಯರ ಕೈಯಲ್ಲೇ ಆದ್ದರಿಂದ ಅದೇ ಸರಿ ಎನ್ನಿಸುತ್ತದೆ. ಎರಡು ವರ್ಷ ಬಲೆಯ ಚೀಲದಲ್ಲಿ ನೇತಾಡಿ ಧೂಳು ಕುಡಿದೆ. ಬಂದವರೆಲ್ಲ ಬೆರಳು ತೋರಿಸಿ, "ಇದೇನ್ರೀ ತತ್ತಿ?" ಎಂದು ಕೇಳಿ, ಕ್ರಿಕೆಟ್ ಬ್ಯಾಟು ಕೊಂಡು ಹೋಗುತ್ತಿದ್ದರು. ಒಬ್ಬ ಮಹಾಶಯ ನನ್ನನ್ನು ತಲೆಯ ಕೆಳಗೆ ಇಟ್ಟು ದಿಂಬಿಗೆ ಆಗುತ್ತದೆಯೇ ಎಂದು ಪರೀಕ್ಷಿಸಿದ. ಅವಮಾನಕ್ಕೂ ಒಂದು ಮಿತಿ ಬೇಡವೇ?

ಕೊನೆಗೆ ನನ್ನನ್ನೇ ಕೇಳಿಕೊಂಡು ಒಬ್ಬರು ಬಂದರು. ಗದಗಿನ ಒಂದು ಮಹಿಳಾ ಕಾಲೇಜಿನ ದೈಹಿಕ ಶಿಕ್ಷಕರು, ಹೆಸರು ಕಲ್ಮೇಶ ತಡಹಾಳ. ದಪ್ಪ ಮೀಸೆ, ಕೊರಳಲ್ಲಿ ಸೀಟಿ. ಹೈದರಾಬಾದಿನಲ್ಲಿ ಏಳು ದಿನದ ಶಿಬಿರಕ್ಕೆ ಹೋಗಿ ಫ್ಲ್ಯಾಗ್ ಫುಟ್‌ಬಾಲ್ ಎಂಬ ಹೊಸ ಆಟ ಕಲಿತು ಬಂದಿದ್ದರು. ಅಂಗಡಿಯವನು, "ಇದನ್ನ ಯಾರ್ ಆಡ್ತಾರ್ರೀ ಸರ್ರ, ನಮ್ಮ ಕಡೆ?" ಎಂದ. ಮಾಸ್ತರರು ಎದೆಯುಬ್ಬಿಸಿ, "ಯಾರೂ ಆಡೂದಿಲ್ಲ. ಅದಕ್ಕ ಆಡೂದು. ನಾವ ಮೊದ್ಲ ಸುರು ಮಾಡಿದ್ರ ನಾವ ಮೊದಲ್ನೇದವ್ರು!" ಎಂದರು. ಬಸ್ಸಿನಲ್ಲಿ ನನ್ನನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಹೋದರು. ಅಣ್ಣಿಗೇರಿಯ ತನಕ ಕಿಟಕಿಯಿಂದ ಹೊಲಗಳನ್ನೂ ನೋಡಿದೆ.

ಆಟವನ್ನು ಸ್ವಲ್ಪ ಹೇಳಿಬಿಡುತ್ತೇನೆ. ಒಂದು ಕಡೆಗೆ ಐದು ಜನ. ಎಲ್ಲರ ಸೊಂಟದಲ್ಲೂ ಬಟ್ಟೆಯ ಪಟ್ಟಿ. ನನ್ನನ್ನು ಹಿಡಿದು ಓಡುವವಳ ಪಟ್ಟಿಯನ್ನು ಎದುರಾಳಿ ಕಿತ್ತರೆ ಓಟ ಅಲ್ಲಿಗೆ ಮುಗಿಯಿತು. ಯಾರೂ ಯಾರನ್ನೂ ಕೆಡವುವಂತಿಲ್ಲ. ಎದುರಾಳಿಯ ಕೊನೆಯ ಗೆರೆ ದಾಟಿದರೆ ಆರು ಅಂಕ, ಆಮೇಲೆ ಸಿಗುವ ಒಂದು ಅವಕಾಶ ಗೆದ್ದರೆ ಇನ್ನೊಂದು. ಎಲ್ಲಕ್ಕಿಂತ ದೊಡ್ಡ ಕೆಲಸ ಹಿಂದೆ ನಿಂತು ನನ್ನನ್ನು ಎಸೆಯುವವಳದು. ಅವಳಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಏಳು ಸೆಕೆಂಡಿನೊಳಗೆ ಅವಳು ನನ್ನನ್ನು ಓಡುತ್ತಿರುವ ಗೆಳತಿಯ ಕೈಗೆ ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಉಳಿದ ನಾಲ್ವರು ಎಷ್ಟು ಓಡಿದರೂ ಗಾಳಿಗೆ ಗುದ್ದಿದ ಹಾಗೆಯೇ.

ಕಾಲೇಜಿನ ಮೈದಾನದಲ್ಲಿ ಅಷ್ಟರತನಕ ಥ್ರೋಬಾಲ್‌ನದೇ ದರ್ಬಾರು. ಆ ತಂಡದಲ್ಲಿ ಜಾಗ ಸಿಗದವರು, ಕುತೂಹಲಕ್ಕೆ ಬಂದವರು, ಎಲ್ಲ ಸೇರಿ ಹನ್ನೊಂದು ಹುಡುಗಿಯರು ನನ್ನ ಸುತ್ತ ನಿಂತರು. ಅವರಲ್ಲಿ ಒಬ್ಬಳು ಬೆಟಗೇರಿಯ ನೇಕಾರರ ಮನೆಯ ಮಂದಾಕಿನಿ ದಿವಟೆ. ಎಲ್ಲರ ಬಾಯಲ್ಲೂ ಮಂದಾ. ಹೈಸ್ಕೂಲಿನಿಂದ ಹಿಡಿದು ಆರು ವರ್ಷ ಥ್ರೋಬಾಲ್ ತಂಡದಲ್ಲಿ ಇದ್ದವಳು. ಇದ್ದಳು ಎಂದರೆ, ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಇದ್ದಳು. ಎಲ್ಲರೂ ಅವಳನ್ನು ಎಕ್ಸ್‌ಟ್ರಾ ಎಂದೇ ಕರೆಯುತ್ತಿದ್ದರು. ಆರು ವರ್ಷದಲ್ಲಿ ಪಂದ್ಯವೆಂದು ಅಂಗಳಕ್ಕೆ ಇಳಿದದ್ದು ನಾಲ್ಕೇ ನಿಮಿಷ, ಅದೂ ಯಾರದೋ ಮೂಗಿನಿಂದ ರಕ್ತ ಬಂದದ್ದಕ್ಕೆ.

ಮಾಸ್ತರರು ಎಲ್ಲರ ಕೈಯಲ್ಲೂ ಎಸೆಸಿ ನೋಡಿದರು. ಮಂದಾಳ ಸರದಿ ಬಂತು. ಅವಳು ಹಿಡಿದದ್ದೇ ತಡ, ಭುಜದ ಮೇಲಿಂದ ಬೀಸಿಬಿಟ್ಟಳು. ಅಬ್ಬಾ, ಏನು ಜೋರು! ಹರಿದ ಚಪ್ಪಲಿಯ ಹಾಗೆ ಗಾಳಿಯಲ್ಲಿ ಉರುಳಾಡಿಕೊಂಡು ಹೋಗಿ ಮೈದಾನದ ಮೂಲೆಯಲ್ಲಿ ಬಿದ್ದೆ. ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಮೂವರು ಗೆಳತಿಯರು ಬೇರೆ ಕಡೆ ಕೈಚಾಚಿ ನಿಂತಿದ್ದರು.

"ಮಂದಾ, ಅಲ್ಲಿ ಯಾರದಾರ?" ಎಂದು ಕೇಳಿದರು ಮಾಸ್ತರರು.

"ಯಾರೂ ಇಲ್ರಿ ಸರ್. ಅದಕ್ಕ ಒಗದೆ."

ಮಾಸ್ತರರು ಹಣೆ ಚಚ್ಚಿಕೊಂಡರು. ಪಾಪ, ಹುಡುಗಿಯ ತಪ್ಪೇನಿದೆ? ಥ್ರೋಬಾಲ್‌ನಲ್ಲಿ ಎದುರಿನವರ ಕೈಗೆ ಸಿಗದ ಹಾಗೆ ಖಾಲಿ ಜಾಗ ಹುಡುಕಿ ಎಸೆಯಬೇಕು. ಅದೂ ಹಿಡಿದ ಮೂರು ಸೆಕೆಂಡಿನೊಳಗೆ. ಆರು ವರ್ಷ ಬೆಂಚಿನ ಮೇಲೆ ಕೂತು ಅವಳು ನೋಡಿದ್ದೆಲ್ಲ ಖಾಲಿ ಜಾಗಗಳನ್ನೇ. ಅಂಗಳದಲ್ಲಿ ಎಲ್ಲಿ ಯಾರೂ ಇಲ್ಲವೆಂದು ಅವಳಿಗೆ ಗೊತ್ತಾದಷ್ಟು ಬೇಗ ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆದರೂ ಆ ತೋಳಿನ ಕಸುವು ನೋಡಿ ಮಾಸ್ತರರು ಅವಳನ್ನೇ ಕ್ವಾರ್ಟರ್‌ಬ್ಯಾಕ್ ಮಾಡಿದರು. "ಮನಿಗೆ ಒಯ್ದು ರೂಢಿ ಮಾಡ್ಕೋ" ಎಂದು ನನ್ನನ್ನು ಅವಳ ಕೈಗಿತ್ತರು.

ಮಂದಾಳ ಅಪ್ಪ ಸೀರೆಯ ಗಂಟು ಹೊತ್ತು ಊರೂರು ತಿರುಗುವವರು. ಮನೆಯಲ್ಲಿ, ಮಗ್ಗದ ಮೇಲೆ, ಅವ್ವ ರಾಚವ್ವನದೇ ರಾಜ್ಯ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಎಳೆಗಳ ನಡುವೆ ನೂಲು ಹೊತ್ತು ಹೋಗುವ ಲಾಳಿ ಓಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ಕೈ ನಿಂತಿತು. ಲಾಳಿಗೂ ನನ್ನ ಹಾಗೆಯೇ ಎರಡು ಮೂತಿ ತಾನೇ.

"ಇದೇನ ಇದು, ಲಾಳಿ ಬಸರಾಗೇತೇನು?"

ಮಂದಾ ಬಿದ್ದು ಬಿದ್ದು ನಕ್ಕಳು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ರಾಚವ್ವ ನಗಲಿಲ್ಲ. ಸಂಜೆ ಹೊತ್ತು ಮಗ್ಗಕ್ಕೆ ಬೇಕಾದ ನೂಲನ್ನು ಲಾಳಿಯೊಳಗಿನ ಸಣ್ಣ ಕೊಳವೆಗೆ, ಅಂದರೆ ಕಂಡಿಕೆಗೆ, ರಾಟೆಯಿಂದ ಸುತ್ತಿಕೊಡುವುದು ಮಂದಾಳ ಪಾಲಿನ ಕೆಲಸ. ಆಟಕ್ಕೆ ಹೋದರೆ ಅದು ನಿಲ್ಲುತ್ತದೆ.

"ಆರ ವರ್ಷ ಆಟ ಆಟ ಅಂತ ಹ್ವಾದಿ. ಕುಂತ ಬಂದಿ. ದಸರಾಕ್ಕ ಅದೇನೋ ದಾವಣಗೆರಿ ಪಂದ್ಯ ಅಂತಿ, ಅಲ್ಲೀತನಕ ಕಂಡಿಕಿ ನಾನ ಸುತ್ಕೋತೀನಿ. ಈ ಸಲಾನೂ ಬೆಂಚಿನ ಮ್ಯಾಲೆ ಕುಂತ ಬಂದ್ರ, ಮುಗೀತು. ಮರುದಿನಾ ಸಂಜಿಂದ ನೀ ಈ ರಾಟಿ ಮುಂದ ಕುಂದ್ರಬೇಕು."

"ಆತ ಬೇ" ಎಂದಳು ಮಂದಾ. ಆಟ ಬಿಡುವುದು ಅವಳಿಗೆ ಸಣ್ಣ ಮಾತಾಗಿರಲಿಲ್ಲ. ಆ ಮೈದಾನದ ಎರಡು ಗಂಟೆಯೊಂದೇ ಅವಳು ದಿನವೆಲ್ಲ ಕಾಯುತ್ತಿದ್ದ ಹೊತ್ತು.

ಹೀಗೆ ಹೇಳಿದ ರಾಚವ್ವನೇ ಮರುದಿನ ಸೀರೆಯ ಉಳಿದ ತುಂಡುಗಳನ್ನು ಕತ್ತರಿಸಿ, ಕೆಂಪು ಐದು ಜೊತೆ, ಅರಿಸಿನ ಬಣ್ಣದ್ದು ಐದು ಜೊತೆ ಸೊಂಟದ ಪಟ್ಟಿ ಹೊಲಿದು ಕೊಟ್ಟಳು. ತಾಯಂದಿರ ಸಿಟ್ಟು ನನಗೆ ಇವತ್ತಿಗೂ ಅರ್ಥವಾಗಿಲ್ಲ ಬಿಡಿ.

ಮೊದಲ ಸಮಸ್ಯೆ ನನ್ನ ಉರುಳಾಟ. ಎರಡು ಮೂತಿಯ ಚೆಂಡು ನೆಟ್ಟಗೆ ಹೋಗಬೇಕಾದರೆ ತಿರುಗುತ್ತ ಹೋಗಬೇಕು. ಮಾಸ್ತರರು ಹೊತ್ತಗೆ ಬಿಚ್ಚಿಟ್ಟುಕೊಂಡು, "ಮಣಿಕಟ್ಟು ಹಿಂಗ, ಮೊಣಕೈ ಹಂಗ" ಎಂದು ಹದಿನೈದು ದಿನ ಹೇಳಿದರು. ಉಪಯೋಗವಾಗಲಿಲ್ಲ. ಒಂದು ಭಾನುವಾರ ಮಂದಾ ನೂಲು ಸುತ್ತುತ್ತ ಕೂತಿದ್ದಳು. ಅವ್ವನಿಗೆ ಮೈ ಹುಷಾರಿರಲಿಲ್ಲ. ರಾಟೆಯ ಹಿಡಿಯನ್ನು ಬಿಡುವಾಗ ತೋರುಬೆರಳಿನಿಂದ ಸಣ್ಣಗೆ ತೀಡಿ ಬಿಡುವುದು ಅವಳ ಅಭ್ಯಾಸ, ಆ ತೀಡಿಕೆಗೆ ಚಕ್ರ ಇನ್ನೂ ನಾಲ್ಕು ಸುತ್ತು ತಾನೇ ತಿರುಗುತ್ತದೆ. ಎರಡು ಸಲ ಹಾಗೆ ಮಾಡಿದವಳು ಗಕ್ಕನೆ ನಿಂತಳು. ನನ್ನನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಹೊಲಿಗೆಯ ಮೇಲೆ ಬೆರಳಿಟ್ಟು, ಎಲ್ಲ ಬೆರಳು ಬಿಟ್ಟ ಮೇಲೆ ಕೊನೆಗೆ ತೋರುಬೆರಳಿನಿಂದ ತೀಡಿ ಬಿಟ್ಟಳು.

ಅಯ್ಯೋ, ಆ ಸುಖವನ್ನು ಹೇಗೆ ಹೇಳಲಿ! ಮೂತಿ ಮುಂದಕ್ಕೆ, ಮೈಯೆಲ್ಲ ಗಿರಗಿರ, ಗಾಳಿ ತಾನೇ ಬದಿಗೆ ಸರಿದು ದಾರಿ ಬಿಟ್ಟಂತೆ. ನಾನು ಯಾತಕ್ಕಾಗಿ ಈ ಆಕಾರದಲ್ಲಿ ಹುಟ್ಟಿದೆನೆಂದು ಅವತ್ತು ಗೊತ್ತಾಯಿತು. ಪಕ್ಕದ ಮನೆಯ ಗೋಡೆಗೆ ಹೋಗಿ ಬಡಿದೆ, ಅವರ ಬೆರಣಿ ನಾಲ್ಕು ಉದುರಿದವು. ಬೈಗುಳ ಬಿತ್ತು. ಇಬ್ಬರಿಗೂ ಕೇಳಿಸಲಿಲ್ಲ.

ಎರಡನೆಯ ಸಮಸ್ಯೆ ಇನ್ನೂ ದೊಡ್ಡದು. "ಖಾಲಿ ಜಾಗಕ್ಕ ಅಲ್ಲ, ಕೈಗೆ ಒಗಿ, ಕೈಗೆ!" ಎಂದು ಮಾಸ್ತರರು ಕೂಗಿ ಕೂಗಿ, ಮಂದಾ ಈಗ ಕೈಗಳನ್ನೇ ಕಾಯತೊಡಗಿದಳು. ಗೆಳತಿ ಓಡಬೇಕು, ತಿರುಗಬೇಕು, ಕೈಚಾಚಬೇಕು, ಆಮೇಲೆ ಇವಳು ಎಸೆಯಬೇಕು. ಅಷ್ಟರಲ್ಲಿ ಗೆಳತಿ ಎರಡು ಹೆಜ್ಜೆ ಮುಂದೆ ಹೋಗಿರುತ್ತಾಳೆ, ನಾನು ಅವಳ ಬೆನ್ನ ಹಿಂದೆ ಬೀಳುತ್ತೇನೆ. ಧಾರವಾಡದ ತಂಡದೊಡನೆ ಒಂದು ಸ್ನೇಹದ ಪಂದ್ಯ ಆಯಿತು. ಮಂದಾ ಎಸೆದದ್ದರಲ್ಲಿ ಮೂರು ಸಲ ನಾನು ಎದುರಾಳಿಯ ಕೈಸೇರಿದೆ. ಪರರ ಕೈಗೆ ಹೋಗುವಾಗ ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಗಾಳಿ ಬಿಟ್ಟು ಕುಸಿದುಬಿಡಬೇಕು ಎನ್ನಿಸಿತು.

ಪಂದ್ಯ ಮುಗಿದ ಮೇಲೆ ಮಾಸ್ತರರು ತಲೆ ಕೆರೆದುಕೊಂಡು ಹೇಳಿದರು: "ದಾವಣಗೆರಿಯೊಳಗ ಅನ್ನಪೂರ್ಣಾ ಒಗೀಲಿ. ಮಂದಾ, ನೀ ಎಕ್ಸ್‌ಟ್ರಾ ಇರು."

ಅನ್ನಪೂರ್ಣಾ ಥ್ರೋಬಾಲ್ ತಂಡದಿಂದ ಬಂದ ಎತ್ತರದ ಹುಡುಗಿ. ಒಳ್ಳೆಯವಳೇ. ಮಂದಾ ನಳದ ಹತ್ತಿರ ಹೋಗಿ, ನೀರು ಬಿಟ್ಟು, ಆ ಸದ್ದಿನಲ್ಲಿ ನನ್ನ ಮೇಲೆ ಮುಖವಿಟ್ಟು ಅತ್ತಳು. ನನ್ನ ಹೊಲಿಗೆಗಳೆಲ್ಲ ಒದ್ದೆಯಾದವು. ಪಂದ್ಯಕ್ಕೆ ಇಪ್ಪತ್ತೆರಡು ದಿನ ಉಳಿದಿತ್ತು.

ಅಲ್ಲಿಗೆ ಗಿರ್ಮಿಟ್ ತಿನ್ನುತ್ತ ಬಂದವಳು ಫರ್ಜಾನಾ ಮುಳಗುಂದ. ತಂಡದಲ್ಲೇ ಗಿಡ್ಡ ಹುಡುಗಿ, ತಂಡದಲ್ಲೇ ಜೋರು ಓಟ, ಮಾತು ಓಟಕ್ಕಿಂತಲೂ ಜೋರು. ನಳ ಬಂದ್ ಮಾಡಿದಳು.

"ನೀರ್ಯಾಕ ಹಾಳ ಮಾಡ್ತಿ? ಅಳೂದಿದ್ರ ಹಂಗ ಅಳು. ಕೇಳಿಲ್ಲೆ. ಮೊದ್ಲ ಖಾಲಿ ಜಾಗಕ್ಕ ಎಷ್ಟ ಚಂದ ಒಗೀತಿದ್ದ್ಯಲ್ಲಾ, ಅದನ್ಯಾಕ ಬಿಟ್ಟಿ?"

"ಅಲ್ಲಿ ಯಾರೂ ಇರೂದಿಲ್ಲಲ್ಲಾ."

"ನಾ ಬರ್ತೇನಿ. ನೀ ನನ್ನ ನೋಡಬ್ಯಾಡ, ಆ ಜಾಗಾ ನೋಡು. ಚಂಡ ಬೀಳೂದ್ರಾಗ ನಾ ಅಲ್ಲಿ ಇರ್ತೇನಿ."

"ನೀ ಬರ್ಲಿಲ್ಲಂದ್ರ?"

"ಬರ್ಲಿಲ್ಲಂದ್ರ ಮಂದಿ ನನಗ ಬೈತಾರ. ನಿಂದೇನ ಹೋಗೂದು?"

ಮಂದಾ ಮೂಗು ಒರೆಸಿಕೊಂಡು ನಕ್ಕಳು. ಆಮೇಲೆ ಗಿರ್ಮಿಟ್ಟಿನ ಪೊಟ್ಟಣ ಕಿತ್ತುಕೊಂಡಳು.

ಮರುದಿನದಿಂದ ಬೆಳಿಗ್ಗೆ ಆರಕ್ಕೇ ಇಬ್ಬರೂ ಮೈದಾನದಲ್ಲಿ. ಫರ್ಜಾನಾ ತನ್ನ ಒಂದು ಚಪ್ಪಲಿಯನ್ನು ದೂರದಲ್ಲಿ ಇಟ್ಟುಬರುತ್ತಿದ್ದಳು. ಅವಳು ನೆಟ್ಟಗೆ ಏಳು ಹೆಜ್ಜೆ ಓಡಿ ಬಲಕ್ಕೆ ತಿರುಗಿ ಚಪ್ಪಲಿಯ ಕಡೆ ಬರಬೇಕು. ಮಂದಾ ಐದನೆಯ ಹೆಜ್ಜೆಗೇ ಎಸೆಯಬೇಕು, ಚಪ್ಪಲಿಯನ್ನು ನೋಡಿ. ಮೊದಲೆರಡು ದಿನ ನನಗೆ ನರಕ. ಚಪ್ಪಲಿಯ ಮೇಲೆ ಬಿದ್ದೆ, ಫರ್ಜಾನಾಳ ಮೂಗಿಗೆ ಬಡಿದೆ, ಒಮ್ಮೆ ಚರಂಡಿಗೂ ಇಳಿದು ಬಂದೆ. ಮೂರನೆಯ ದಿನ ಐದನೆಯ ಹೆಜ್ಜೆಗೆ ಮಂದಾಳ ಬೆರಳು ನನ್ನನ್ನು ತೀಡಿ ಬಿಟ್ಟಿತು. ಮುಂದೆ ಯಾರೂ ಇಲ್ಲ. ಬರೀ ಮಣ್ಣು. ಬಿದ್ದೆ ಇನ್ನೇನು ಎಂದುಕೊಳ್ಳುವಷ್ಟರಲ್ಲಿ ಬದಿಯಿಂದ ಎರಡು ಪುಟ್ಟ ಕೈಗಳು ಬಂದು ಗಬಕ್ಕನೆ ಹಿಡಿದವು.

"ಬಂದೆನೋ ಇಲ್ಲೋ!" ಎಂದು ಫರ್ಜಾನಾ ಕೇಕೆ ಹಾಕಿದಳು.

ಆಮೇಲೆ ಚಪ್ಪಲಿಗಳು ಎರಡಾದವು, ನಾಲ್ಕಾದವು. ಉಳಿದ ಹುಡುಗಿಯರೂ ಬೆಳಿಗ್ಗೆ ಬರತೊಡಗಿದರು, ಅನ್ನಪೂರ್ಣಾ ಕೂಡ. ಮೈದಾನದ ತುಂಬ ಒಂಟಿ ಚಪ್ಪಲಿಗಳನ್ನು ನೋಡಿ ಕಾಲೇಜಿನ ಸಿಪಾಯಿ ಗಾಬರಿಯಾದನಂತೆ. ಮಂದಾಳ ಕಣ್ಣು ನಾಲ್ಕು ಕಡೆ ಓಡುವುದನ್ನು ಕಲಿತಿತು. ಎಲ್ಲಿ ಜಾಗ ಖಾಲಿಯಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಅಲ್ಲಿಗೆ ಯಾರು ಬರುತ್ತಾರೆ ಎಂಬುದು ಈಗ ಗೊತ್ತಾಗುತ್ತಿತ್ತು. ಆದರೆ ಮಾಸ್ತರರು ಹಟಮಾರಿ. ಹೆಸರು ಕೊಟ್ಟಾಗಿದೆ, ಅನ್ನಪೂರ್ಣಾ ಎಂದರೆ ಅನ್ನಪೂರ್ಣಾ.

ದಾವಣಗೆರೆ. ಐದು ತಂಡಗಳು, ಸುಡುವ ಬಿಸಿಲು, ಸುಣ್ಣದ ಗೆರೆಗಳು. ಮೊದಲ ಪಂದ್ಯ ಮೈಸೂರಿನ ತಂಡದ ಮೇಲೆ. ಅವರ ಚೆಂಡಿಗೆ ಗಾಳಿ ನಿಲ್ಲುತ್ತಿರಲಿಲ್ಲವಾದ್ದರಿಂದ ನನ್ನನ್ನೇ ಆಟಕ್ಕೆ ಆರಿಸಿದರು. ನನಗೆ ಜಂಬ ಬಂತು ಅನ್ನಿ. ಮಂದಾ ಬೆಂಚಿನ ಮೇಲೆ ಕೂತಳು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು.

ಅನ್ನಪೂರ್ಣಾ ಕಲ್ಲು ಬೀಸಿದ ಹಾಗೆ ಬೀಸುತ್ತಿದ್ದಳು. ಗೆಳತಿಯರ ಬೆರಳು ನೋಯುತ್ತಿದ್ದವು, ನಾನು ಪುಟಿದು ಎಲ್ಲೆಲ್ಲೋ ಹೋಗುತ್ತಿದ್ದೆ. ಅರ್ಧ ಆಟಕ್ಕೆ ಮೈಸೂರು ಹದಿಮೂರು, ನಾವು ಸೊನ್ನೆ. ಆಗ ಅನ್ನಪೂರ್ಣಾ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಮಾಸ್ತರರ ಎದುರು ನಿಂತಳು.

"ಸರ್, ನನ್ನ ಕೈಲೆ ಆಗೂದಿಲ್ರಿ. ನನ್ನ ತೋಳಿಗೆ ಶಕ್ತಿ ಐತಿ, ಅಂಗಳ ಕಾಣೂದಿಲ್ಲ. ಮಂದಾಗ ಕೊಡ್ರಿ. ನಾ ಹಿಡಿಯಾಕ ಓಡ್ತೀನಿ."

ಮಾಸ್ತರರ ಮೀಸೆ ಎರಡು ಸಲ ಅಲುಗಾಡಿತು. ಬೆಂಚಿನ ಕಡೆ ತಿರುಗಿ, "ಏಳವಾ" ಎಂದರು. ಅಷ್ಟೇ. ಮಂದಾ ಎದ್ದಳು.

ಆ ಅರ್ಧ ಆಟ ನನ್ನ ಬದುಕಿನ ಹಬ್ಬ. ಅವಳ ಬೆರಳಿನಿಂದ ಬಿಡುವುದು, ಗಿರಗಿರನೆ ಹೋಗುವುದು, ಯಾರೂ ಇಲ್ಲದ ಕಡೆ ಇಳಿಯುವುದು, ಇಳಿಯುವಷ್ಟರಲ್ಲಿ ಕೈಗಳು ಬರುವುದು! ಒಮ್ಮೆ ಅನ್ನಪೂರ್ಣಾ, ಒಮ್ಮೆ ಫರ್ಜಾನಾ. ಎರಡು ಸಲ ಗೆರೆ ದಾಟಿಸಿ ಹನ್ನೆರಡು ಅಂಕ. ಒಂದೇ ಒಂದು ಅಂಕ ಹಿಂದೆ. ಆಟಕ್ಕೆ ಉಳಿದದ್ದು ಕೊನೆಯ ಒಂದು ಎಸೆತ.

ಮೈಸೂರಿನವರು ದಡ್ಡರಲ್ಲ. ಗಿಡ್ಡ ಹುಡುಗಿಯೇ ಅಪಾಯ ಎಂದು ತಿಳಿದು ಇಬ್ಬರು ಫರ್ಜಾನಾಳ ಹಿಂದೆ ಬಿದ್ದರು, ಮೂರನೆಯವಳು ಮಂದಾಳ ಕಣ್ಣನ್ನೇ ನೋಡುತ್ತ ನಿಂತಳು. ನಾನು ಮಂದಾಳ ಕೈಗೆ ಬಂದೆ. ಒಂದು, ಎರಡು. ಫರ್ಜಾನಾ ನಡುವೆ ಓಡಿದಳು, ಇಬ್ಬರೂ ಬೆನ್ನಟ್ಟಿದರು. ಮಂದಾ ಅನ್ನಪೂರ್ಣಾಳ ಕಡೆ ನೋಡಿದಳು. ಮೂರನೆಯವಳು ಅತ್ತ ಜಿಗಿದಳು. ಆಗ ಎಡಮೂಲೆ ಖಾಲಿಯಾಯಿತು. ಅಲ್ಲಿ ಒಬ್ಬರೂ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ. ಮಂದಾ ನನ್ನನ್ನು ಅಲ್ಲಿಗೇ ಎಸೆದಳು.

ಮೇಲಿಂದ ನೋಡಿದೆ. ಖಾಲಿ. ಬರೀ ಖಾಲಿ. ಬೆಂಚಿನಲ್ಲಿದ್ದವರು "ಅಯ್ಯಯ್ಯೋ" ಎಂದರು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ಮಂದಾಳ ಮುಖ ಮಾತ್ರ ಶಾಂತವಾಗಿತ್ತು. ಫರ್ಜಾನಾ ಹಠಾತ್ತನೆ ಕಾಲು ಊರಿ, ಬೆನ್ನಟ್ಟಿದವರನ್ನು ಹಿಂದಕ್ಕೆ ಬಿಟ್ಟು, ಎಡಕ್ಕೆ ಹೊರಳಿ, ಓಡಿ, ಓಡಿ, ನೆಲಕ್ಕೆ ಒಂದು ಗೇಣು ಇರುವಾಗ ನನ್ನನ್ನು ಬಾಚಿಕೊಂಡು ಗೆರೆಯ ಆಚೆ ಉರುಳಿದಳು.

ಮುಂದಿನದು ಹೇಳಲು ನನಗೆ ಆಗುವುದಿಲ್ಲ. ನಾನು ಹುಡುಗಿಯರ ರಾಶಿಯ ಕೆಳಗೆ ಇದ್ದೆ.

ಎರಡನೆಯ ಪಂದ್ಯದಲ್ಲಿ ಸರಿಯಾಗಿ ಸೋತೆವು, ಅದನ್ನೂ ಹೇಳಿಬಿಡಬೇಕು. ಮೂರನೆಯ ಸ್ಥಾನ. ಆದರೂ ಬಸ್ಸು ಗದಗು ಮುಟ್ಟುವ ತನಕ ಹಾಡು ನಿಲ್ಲಲಿಲ್ಲ. ಮನೆಗೆ ಹೋದಾಗ ರಾಚವ್ವ ಮಗ್ಗದ ಮೇಲಿದ್ದಳು. ತಲೆ ಎತ್ತದೆ ಕೇಳಿದಳು:

"ಕುಂತ್ಯೋ, ಆಡಿದ್ಯೋ?"

"ಆಡಿದೆ ಬೇ."

ಕಂಡಿಕೆಯ ಬುಟ್ಟಿ ಮಂದಾಳ ಜಾಗದಲ್ಲಿತ್ತು. ರಾಚವ್ವ ಕೈಚಾಚಿ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

ಅದಾಗಿ ಎರಡು ವರ್ಷ. ನನ್ನ ಮೈಯ ಉಬ್ಬುಗಳೆಲ್ಲ ಸವೆದು ನುಣ್ಣಗಾದವು, ದಾರ ಎರಡು ಸಲ ಬದಲಾಯಿತು, ಬೆಳಿಗ್ಗೆ ತುಂಬಿದ ಗಾಳಿ ಸಂಜೆಗೆ ನಿಲ್ಲುವುದಿಲ್ಲ. ಕಾಲೇಜಿಗೆ ಹೊಸ ಚೆಂಡುಗಳು ಬಂದವು. ಮಾಸ್ತರರು ನನ್ನನ್ನು ಮಂದಾಳಿಗೇ ಕೊಟ್ಟುಬಿಟ್ಟರು. ಅವಳು ರಾಜ್ಯ ತಂಡಕ್ಕೆ ಆಯ್ಕೆಯಾದಳು, ಎಸೆಯುವವಳಾಗಿಯೇ. ಶಿಬಿರಕ್ಕೆ ಹೊರಡುವ ಬೆಳಿಗ್ಗೆ ಚೀಲ ಕಟ್ಟುತ್ತ ನನ್ನನ್ನೂ ಒಳಗೆ ತುರುಕುತ್ತಿದ್ದಳು. ಆಗ ರಾಚವ್ವ ಮಗ್ಗದ ಕುಣಿಯಿಂದ ಮೇಲೆದ್ದು ಬಂದಳು. ಕೆಲಸದ ಹೊತ್ತಿನಲ್ಲಿ ಅವಳು ಎದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

"ಊರೆಲ್ಲಾ ನೋಡೇತಿ, ನೀ ಒಗಿಯೂದು ನಾ ಒಂದ ಸಲಾನೂ ನೋಡಿಲ್ಲ. ಒಂದೀಟು ಒಗಿ, ನೋಡೂಣು."

"ಯಾರ ಹಿಡೀಬೇಕ ಬೇ?"

"ಯಾಕ, ನನಗ ಕೈ ಇಲ್ಲೇನು?"

ಓಣಿಗೆ ಬಂದರು. ಎರಡೂ ಬದಿಯ ಮನೆಗಳಲ್ಲಿ ಮಗ್ಗಗಳ ಸದ್ದು ನಿಂತಿತು, ಬಾಗಿಲು ಬಾಗಿಲಲ್ಲಿ ತಲೆಗಳು ಕಂಡವು. ರಾಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಮೇಲೆತ್ತಿ, ಐವತ್ತು ವರ್ಷದ ಮೊಣಕಾಲುಗಳಲ್ಲಿ ಓಡತೊಡಗಿದಳು. ಹಿಂತಿರುಗಿ ನೋಡಲಿಲ್ಲ. ಮಂದಾ ಕಾಯಲಿಲ್ಲ. ಅವ್ವನ ಮುಂದೆ ಎಷ್ಟು ದೂರ ಬೇಕೋ ಅಷ್ಟು ದೂರಕ್ಕೆ, ನಿಧಾನವಾಗಿ, ಎತ್ತರಕ್ಕೆ, ಹೂವಿನ ಹಾಗೆ ನನ್ನನ್ನು ಎಸೆದಳು. ಅವಳ ಕೈಯಿಂದ ನಾನು ಎಷ್ಟೋ ಸಾವಿರ ಸಲ ಹಾರಿದ್ದೇನೆ. ಅಷ್ಟು ಚೆಂದದ ಎಸೆತ ಇನ್ನೊಂದಿಲ್ಲ.

ರಾಚವ್ವ ಎರಡೂ ಕೈಯಲ್ಲಿ ನನ್ನನ್ನು ಹೊಟ್ಟೆಗೆ ಅಪ್ಪಿಕೊಂಡಳು, ಎಡವಿದಳು, ಓಣಿಯ ನಡುವೆ ದೊಪ್ಪನೆ ಕೂತಳು. ಮಂದಾ "ಯವ್ವಾ!" ಎಂದು ಓಡಿ ಬಂದಳು. ನೋಡಿದರೆ ಅವ್ವ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

"ಕೊಡು ಬೇ, ಬಸ್ಸಿಗೆ ಹೊತ್ತಾತು."

"ಅಲ್ಲಿ ಹೊಸಾವು ಕೊಡ್ತಾರಂತಲ್ಲ, ಹೋಗು. ಇದು ಇಲ್ಲೇ ಇರ್ಲಿ."

ಹೀಗೆ ನಾನು ಮಗ್ಗದ ಪಕ್ಕದ ಗೂಡು ಸೇರಿದೆ. ಹೊಟ್ಟೆಯಲ್ಲಿ ಅರ್ಧ ಗಾಳಿ, ಮೈತುಂಬ ನೂಲಿನ ಧೂಳು. ದಿನವೆಲ್ಲ ಲಾಳಿ ಅತ್ತಿಂದಿತ್ತ ಓಡುವುದನ್ನು ನೋಡುತ್ತ ಕೂತಿರುತ್ತೇನೆ. ಬೇಸರವೇನಿಲ್ಲ. ಎಸೆಯುವವರ ಕೈಯಲ್ಲೂ ಹಿಡಿಯುವವರ ಕೈಯಲ್ಲೂ ಇಲ್ಲದ ಆ ನಡುವಿನ ಗಳಿಗೆಯಲ್ಲಿ ನನ್ನಷ್ಟು ಸುಖ ಪಟ್ಟವರು ಯಾರಿದ್ದಾರೆ? ಸೀರೆ ನೋಡಲು ಬಂದವರು ಒಮ್ಮೊಮ್ಮೆ ನನ್ನನ್ನು ಕಂಡು, ಇದೇನು ಎಂದು ಕೇಳುತ್ತಾರೆ. ರಾಚವ್ವ ಲಾಳಿ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ ಹೇಳುತ್ತಾಳೆ:

"ಚಂಡರೀ. ನನ್ನ ಮಗಳು ಒಗದ್ಲು, ನಾ ಹಿಡದೆ."